ಹಾಜರಿ ಪುಸ್ತಕದ ಆಚೆಗೆ

ಕಾಲೇಜಿಗೆ ಬರುವ ಮುನ್ನ, 1980ರ ದಶಕದಲ್ಲಿ, ನಾನು ಎರಡು ವರ್ಷ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಒಂಬತ್ತನೆಯ ತರಗತಿಯಲ್ಲಿ ದೃಷ್ಟಿಯಿಲ್ಲದ ಹುಡುಗನೊಬ್ಬನಿದ್ದ. ದಿನವೂ ಹಾಜರಿ ಕರೆಯುತ್ತಿದ್ದೆ, ಅವನು ಓಗೊಡುತ್ತಿದ್ದ. ಅವನಿಗೆ ಸಲ್ಲಬೇಕಾದದ್ದು ಸಂದಿತೆಂದೇ ಭಾವಿಸಿದ್ದೆ.

ಒಂದು ದಿನ ಛಂದಸ್ಸಿನ ಪಾಠ. ಕಂದಪದ್ಯವೊಂದನ್ನು ಕರಿಹಲಗೆಯ ಮೇಲೆ ಬರೆದು, ಪ್ರಸ್ತಾರ ಹಾಕಿ, "ನೋಡಿ, ಇಲ್ಲಿಗೆ ಒಂದು ಗಣ" ಎಂದು ಗೆರೆಯೆಳೆಯುತ್ತ ಹೋದೆ. ಪಾಠ ಮುಗಿದ ಮೇಲೆ ಆ ಹುಡುಗ ಮೇಜಿನ ಬಳಿಗೆ ಬಂದು, "ಸಾರ್, ಬರೆದದ್ದನ್ನು ಬಾಯಲ್ಲೂ ಹೇಳಿ" ಎಂದ. ದನಿಯಲ್ಲಿ ದೂರಿರಲಿಲ್ಲ. ಐದು ತಿಂಗಳಿಂದ ಅವನು ನನ್ನೆದುರಿಗೇ ಕುಳಿತಿದ್ದ.

ಮರುದಿನ ಹಲಗೆಯನ್ನು ಬಿಟ್ಟು ಪದ್ಯವನ್ನು ಗಟ್ಟಿಯಾಗಿ ಓದಿದೆ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಮೇಜಿನ ಮೇಲೆ ಬೆರಳು ತಟ್ಟುತ್ತ, ನಾಲ್ಕು ಮಾತ್ರೆಗೊಮ್ಮೆ ನಿಲ್ಲಿಸಿದೆ. ಮೂರು, ಐದು, ಮೂರು, ಐದು ಗಣಗಳ ಸಾಲುಗಳು ಇಡೀ ತರಗತಿಯ ಕಿವಿಯಲ್ಲಿ ನಿಂತವು. ಛಂದಸ್ಸು ಮೂಲತಃ ಕಿವಿಯ ವಿದ್ಯೆ. ಅದನ್ನು ಬರಿಯ ಕಣ್ಣಿನ ಪಾಠವಾಗಿಸಿದ್ದವನು ನಾನು.

ಸಮನ್ವಯ ಶಿಕ್ಷಣದ ತಿರುಳು ಇದೇ: ಶಾಲೆಯೇ ಮಗುವಿಗೆ ಹೊಂದಿಕೊಳ್ಳಬೇಕು. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗಳಿಗೆ ತರುವ ಕೇಂದ್ರ ಸರ್ಕಾರದ ಯೋಜನೆ 1974ರಲ್ಲೇ ಆರಂಭವಾಯಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವೆಣಿಸದೆ ಈ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ, 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ.

ವಿಶೇಷ ಶಾಲೆಗಳನ್ನು ನಾನು ಹಳಿಯಲಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಎಷ್ಟೋ ಅಂಧ ಮಕ್ಕಳಿಗೆ ಸಂಗೀತವನ್ನೂ ಅದರೊಡನೆ ಬದುಕನ್ನೂ ಕೊಟ್ಟಿದೆ. ಆದರೆ ಮಗು ಅಂಥ ಕಡೆಗೆ ಹೋಗುವುದು ಒಲವಿನಿಂದಾಗಬೇಕು. ಊರಿನ ಶಾಲೆ ಬಾಗಿಲು ಮುಚ್ಚಿತೆಂಬ ಕಾರಣದಿಂದ ಆಗಬಾರದು.

ಬಾಗಿಲು ತೆರೆದ ಮೇಲೂ ಕೆಲಸ ಉಳಿದಿರುತ್ತದೆ. ಗಾಲಿಕುರ್ಚಿಗೆ ಇಳಿಜಾರು ದಾರಿ ಬೇಕು, ಬ್ರೈಲ್ ಪುಸ್ತಕ ಬೇಕು, ಸಂಜ್ಞಾಭಾಷೆ ಬಲ್ಲವರು ಬೇಕು. ಇವಕ್ಕೆ ಹಣ ಹಿಡಿಯುತ್ತದೆ. ಆದರೆ ತುಟಿಯ ಚಲನೆಯನ್ನು ನೋಡಿ ಮಾತನ್ನು ಗ್ರಹಿಸುವ ಮಗುವಿನತ್ತ ಮುಖ ತಿರುಗಿಸಿ ಮಾತನಾಡುವುದಕ್ಕೆ, ನಿಧಾನವಾಗಿ ಬರೆಯುವವಳಿಗೆ ಇನ್ನಷ್ಟು ಹೊತ್ತು ಕೊಡುವುದಕ್ಕೆ ಯಾವ ಅನುದಾನವೂ ಬೇಡ.

ಆ ಹುಡುಗನಿಗೆ ಕೇಳುವ ಧೈರ್ಯವಿತ್ತು, ನನಗೆ ತಿಳಿಯಿತು. ಕೇಳದೆ ಸುಮ್ಮನೆ ಕುಳಿತ ಮಕ್ಕಳು ನನ್ನ ತರಗತಿಗಳಲ್ಲಿ ಎಷ್ಟು ಮಂದಿಯಿದ್ದರೋ! ಹಾಜರಿ ಪುಸ್ತಕದಲ್ಲಿ ಅವರೆಲ್ಲರ ಹೆಸರಿನ ಮುಂದೆಯೂ ಗುರುತು ಹಾಕಿದ್ದೇನೆ.