ಒಂದೇ ಆಟ, ದೇಶಕ್ಕೊಂದು ಪೆಟ್ಟಿಗೆ

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಹಾಕುವವರನ್ನು ನೀವು ಕಂಡಿರುತ್ತೀರಿ. ಹಳೆಯ ವಿಡಿಯೊ ಗೇಮ್ ಯಂತ್ರಗಳನ್ನು ಸಂಗ್ರಹಿಸುವವರೂ ಈಗ ಅನೇಕ ದೇಶಗಳಲ್ಲಿದ್ದಾರೆ. ಅವರಲ್ಲಿ ಕೆಲವರ ಹವ್ಯಾಸ ಮೇಲುನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಒಂದೇ ಯಂತ್ರದ ಬೇರೆ ಬೇರೆ ದೇಶದ ರೂಪಗಳನ್ನು ಅವರು ಹುಡುಕಿ ತರುತ್ತಾರೆ: ಜಪಾನಿನದೊಂದು, ಅಮೆರಿಕದ್ದೊಂದು, ಯುರೋಪಿನದೊಂದು, ಭಾರತದ್ದೊಂದು. ಆಟ ಒಂದೇ ಆಗಿರುವಾಗ ನಾಲ್ಕು ಪೆಟ್ಟಿಗೆ ಏಕೆ ಬೇಕು? ಅವುಗಳ ನಡುವೆ ನಿಜವಾದ ವ್ಯತ್ಯಾಸವೇನಾದರೂ ಇದೆಯೆ? ಇದೆ ಎಂಬುದನ್ನೂ, ಆ ವ್ಯತ್ಯಾಸದ ಬೇರು ನಮ್ಮ ಮನೆಯ ವಿದ್ಯುತ್ ತಂತಿಯವರೆಗೆ ಬಂದಿದೆ ಎಂಬುದನ್ನೂ ಈ ಲೇಖನದಲ್ಲಿ ನೋಡೋಣ.

ಮೂಲ ಯಂತ್ರ ಮತ್ತು ಅದರ ವೇಷಗಳು

ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಕೆಂಪು-ಬಿಳಿ ಬಣ್ಣದ ಪುಟ್ಟ ಪೆಟ್ಟಿಗೆಯನ್ನು ಮಾರಾಟಕ್ಕೆ ಬಿಟ್ಟಿತು. ಜನ ಅದನ್ನು ‘ಫ್ಯಾಮಿಕಾಮ್’ ಎಂದು ಚಿಕ್ಕದಾಗಿ ಕರೆದರು. ಅದೇ ವರ್ಷ ಅಮೆರಿಕದಲ್ಲಿ ವಿಡಿಯೊ ಗೇಮ್ ವ್ಯಾಪಾರ ಕುಸಿದುಬಿದ್ದಿತ್ತು. ‘ವಿಡಿಯೊ ಗೇಮ್’ ಎಂದರೆ ಅಂಗಡಿಯವರು ಕೈಮುಗಿಯುವ ಪರಿಸ್ಥಿತಿ. ಹೀಗಾಗಿ 1985ರಲ್ಲಿ ಈ ಯಂತ್ರ ಅಮೆರಿಕಕ್ಕೆ ಹೋದಾಗ ವೇಷ ಬದಲಿಸಿಕೊಂಡಿತು. ಬೂದು ಬಣ್ಣ ಬಂತು. ಕ್ಯಾಸೆಟ್ಟನ್ನು ಮೇಲಿನಿಂದ ಚುಚ್ಚುವ ಬದಲು ವಿ.ಸಿ.ಆರ್.ನಂತೆ ಮುಂದುಗಡೆಯಿಂದ ತೂರಿಸುವ ಏರ್ಪಾಡಾಯಿತು. ಹೆಸರು ‘ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಂ’ ಎಂದಾಯಿತು.

ದಕ್ಷಿಣ ಕೊರಿಯಾದಲ್ಲಿ ಎರಡನೆಯ ಮಹಾಯುದ್ಧದ ನಂತರ ಜಪಾನಿನ ಸಾಂಸ್ಕೃತಿಕ ಸರಕುಗಳಿಗೆ ನಿಷೇಧವಿತ್ತು. ಅದು ಸಡಿಲಗೊಳ್ಳತೊಡಗಿದ್ದು 1998ರಲ್ಲಿ. ಆದ್ದರಿಂದ 1989ರಲ್ಲಿ ಅಲ್ಲಿ ಇದೇ ಯಂತ್ರವನ್ನು ಹ್ಯುಂಡೈ ಕಂಪನಿ ‘ಕಾಂಬಾಯ್’ ಎಂಬ ಹೆಸರಿನಲ್ಲಿ ಮಾರಿತು. ರಷ್ಯಾದಲ್ಲಿ 1992ರ ಕೊನೆಗೆ ಬಂದ ‘ಡೆಂಡಿ’ ಎಂಬ ಅನುಮತಿಯಿಲ್ಲದ ನಕಲೇ ಮನೆಮಾತಾಯಿತು. ಕಂಪನಿಯ ಲೆಕ್ಕದ ಪ್ರಕಾರ ಮಾರಾಟವಾದ ಅಸಲಿ ಯಂತ್ರಗಳು ಸುಮಾರು 6.19 ಕೋಟಿ, ಅವುಗಳಲ್ಲಿ ಜಪಾನಿನ ಪಾಲು 1.93 ಕೋಟಿ. ನಕಲಿಗಳ ಲೆಕ್ಕ ಇದರಲ್ಲಿ ಸೇರಿಲ್ಲ.

ಐವತ್ತು ಮತ್ತು ಅರವತ್ತು

ಹೆಸರು, ಬಣ್ಣಗಳಿಗಿಂತ ಆಳವಾದ ವ್ಯತ್ಯಾಸ ಟಿ.ವಿ. ಪದ್ಧತಿಯದು. ವಿಡಿಯೊ ಗೇಮ್ ಯಂತ್ರಕ್ಕೆ ಸ್ವಂತ ತೆರೆ ಇಲ್ಲ. ಆಯಾ ದೇಶದ ಜನರ ಮನೆಯಲ್ಲಿರುವ ಟಿ.ವಿ. ಸೆಟ್ಟಿಗೆ ಅದು ಹೊಂದಿಕೊಳ್ಳಲೇಬೇಕು.

ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ತಯಾರಾಗುತ್ತಿದೆ. ಅಲ್ಲಿಂದ ಹೊರಡುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಮಿಡಿಯುತ್ತದೆ. ಅಮೆರಿಕದಲ್ಲಿ ಈ ಮಿಡಿತ 60. ಟೆಲಿವಿಷನ್ನಿನ ಆರಂಭದ ದಿನಗಳಲ್ಲಿ ವಿದ್ಯುತ್ತಿನ ಮಿಡಿತಕ್ಕೂ ಚಿತ್ರದ ಮಿಡಿತಕ್ಕೂ ಹೊಂದಿಕೆ ಇಲ್ಲದಿದ್ದರೆ ತೆರೆಯ ಮೇಲೆ ಮಬ್ಬಾದ ಅಡ್ಡಪಟ್ಟಿಗಳು ಹರಿದಾಡುತ್ತಿದ್ದವು. ಅದಕ್ಕಾಗಿ ಎರಡನ್ನೂ ಸಮಗೊಳಿಸಿದರು. ಅಮೆರಿಕದ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ ಸೆಕೆಂಡಿಗೆ 60 ಬಾರಿ, 525 ಗೆರೆಗಳ ಚಿತ್ರ. ಯುರೋಪಿನ ಬಹುಭಾಗ ಹಾಗೂ ಭಾರತ ಒಪ್ಪಿಕೊಂಡ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 50 ಬಾರಿ, 625 ಗೆರೆಗಳ ಚಿತ್ರ. ಜಪಾನಿನ ಕಥೆ ಸ್ವಾರಸ್ಯಕರ. ಅಲ್ಲಿ ಟೋಕಿಯೊ ಕಡೆಯ ವಿದ್ಯುತ್ತು 50, ಒಸಾಕಾ ಕಡೆಯದು 60. ಆದರೂ ಟಿ.ವಿ.ಗೆ ಇಡೀ ದೇಶ ಅಮೆರಿಕದ 60ನ್ನೇ ತೆಗೆದುಕೊಂಡಿತು.

ಇದರಿಂದ ಆಟಕ್ಕೇನಾಯಿತು? ಆಟ ಬರೆಯುವವರು ‘ಪ್ರತಿ ಚಿತ್ರಕ್ಕೆ ಒಂದು ಹೆಜ್ಜೆ’ ಎಂಬ ಲೆಕ್ಕದಲ್ಲಿ ಬರೆಯುತ್ತಿದ್ದರು. ಜಪಾನಿನಲ್ಲಿ ಒಂದು ನಿಮಿಷಕ್ಕೆ 3,600 ಹೆಜ್ಜೆ ಹಾಕುವ ಆಟಗಾರ ನಮ್ಮ ಟಿ.ವಿ.ಯಲ್ಲಿ ಅಷ್ಟೇ ಹೆಜ್ಜೆ ಹಾಕಲು 72 ಸೆಕೆಂಡು ತೆಗೆದುಕೊಳ್ಳುತ್ತಾನೆ. ಸಂಗೀತವೂ ಹಾಗೆಯೇ ಎಳೆದುಕೊಂಡು ಹೋಗುತ್ತದೆ.

ಲಯದ ಜೊತೆಗೆ ಶ್ರುತಿಯೂ ಕೆಡುತ್ತದೆ. ಜಪಾನಿ ಯಂತ್ರದ ಮುಖ್ಯ ಚಿಪ್ಪಿನ ಗಡಿಯಾರ ಸೆಕೆಂಡಿಗೆ ಸುಮಾರು 17.9 ಲಕ್ಷ ಬಾರಿ ಬಡಿದರೆ, ಯುರೋಪಿನ ಅಸಲಿ ಯಂತ್ರದ್ದು 16.6 ಲಕ್ಷ ಬಾರಿ. ತಿದ್ದುಪಡಿ ಮಾಡದ ಜಪಾನಿ ಆಟವನ್ನು ಯುರೋಪಿನ ಯಂತ್ರದಲ್ಲಿ ನುಡಿಸಿದರೆ 440 ಕಂಪನದ ಸ್ವರ ಸುಮಾರು 409ಕ್ಕೆ ಇಳಿಯುತ್ತದೆ. ಹಾರ್ಮೋನಿಯಂ ಕಲಿತವರಿಗೆ ಹೇಳುವುದಾದರೆ, ಪಕ್ಕದ ಮನೆಗಿಂತ ತುಸು ಕೆಳಗೆ. ಯುರೋಪಿಗೆಂದೇ ಹೊರಟ ಕೆಲವು ಆಟಗಳಲ್ಲಿ ಇದನ್ನು ಸರಿಪಡಿಸಿದರು. ಕೆಲವನ್ನು ಹಾಗೆಯೇ ಬಿಟ್ಟರು.

ಇನ್ನೊಂದು ತೊಡಕು ಚಾನೆಲ್‌ಗಳದು. ಮೂಲ ಫ್ಯಾಮಿಕಾಮ್ ತನ್ನ ಚಿತ್ರವನ್ನು ಜಪಾನಿನ 1 ಅಥವಾ 2ನೆಯ ಚಾನೆಲ್‌ನಲ್ಲಿ ಕೊಡುತ್ತದೆ. ಆ ತರಂಗಗಳು 90ರಿಂದ 102 ಮೆಗಾಹರ್ಟ್ಸ್‌ನೊಳಗೆ ಇವೆ. ನಮ್ಮಲ್ಲಿ ಅದು ಎಫ್.ಎಂ. ರೇಡಿಯೊದ ಜಾಗ! ನಮ್ಮ ಹಳೆಯ ಟಿ.ವಿ. ಸೆಟ್ಟುಗಳು ಅಲ್ಲಿ ಚಿತ್ರವನ್ನು ಹುಡುಕುವುದೇ ಇಲ್ಲ. ಬ್ರಿಟನ್ನಿನ ಯಂತ್ರವನ್ನು ತಂದರೆ ಚಿತ್ರ ಬಂದೀತು, ಆದರೆ ಅಲ್ಲಿ ಧ್ವನಿಯ ವಾಹಕ ತರಂಗ ಚಿತ್ರದಿಂದ 6 ಮೆಗಾಹರ್ಟ್ಸ್ ದೂರ, ನಮ್ಮಲ್ಲಿ 5.5. ಆದ್ದರಿಂದ ಮಾತಿನ ಬದಲು ಬರೀ ಸುಯ್ ಎಂಬ ಸದ್ದು.

ಬೀಗದ ಚಿಪ್

ಅಮೆರಿಕದ ಪೆಟ್ಟಿಗೆಯಲ್ಲಿ ನಿಂಟೆಂಡೊ ಒಂದು ಬೀಗವನ್ನೂ ಸೇರಿಸಿತು. ಯಂತ್ರದೊಳಗೆ ಒಂದು, ಕ್ಯಾಸೆಟ್ಟಿನೊಳಗೆ ಒಂದು ಸಣ್ಣ ಚಿಪ್ ಇರುತ್ತವೆ. ಅವೆರಡೂ ಒಂದೇ ಗುಟ್ಟಿನ ಸಂಕೇತಗಳನ್ನು ಹೋಲಿಸಿ ನೋಡಿಕೊಳ್ಳುತ್ತವೆ. ತಾಳೆಯಾಗದಿದ್ದರೆ ಯಂತ್ರ ಸೆಕೆಂಡಿಗೊಮ್ಮೆ ಹೊಸದಾಗಿ ಆರಂಭವಾಗುತ್ತ ತೆರೆ ಮಿಣುಕುತ್ತದೆ. ಪ್ರದೇಶಕ್ಕೊಂದು ಗುಟ್ಟು; ಯುರೋಪಿನೊಳಗೇ ಎರಡು ಬಗೆ. ಕ್ಯಾಸೆಟ್ಟಿನ ಪಿನ್‌ಗಳೂ ಬದಲಾದವು: ಜಪಾನಿನದರಲ್ಲಿ 60, ಅಮೆರಿಕ-ಯುರೋಪುಗಳದರಲ್ಲಿ 72.

ಜಪಾನಿನ ಮೂಲ ಯಂತ್ರದಲ್ಲಿ ಮಾತ್ರ ಇಂಥ ಬೀಗ ಇರಲಿಲ್ಲ. ನಕಲು ಮಾಡುವವರಿಗೆ ಇದೇ ಹೆಬ್ಬಾಗಿಲಾಯಿತು.

ನಮ್ಮ ದೇಶಕ್ಕೆ ಬಂದದ್ದು

ಟೆಲಿವಿಷನ್ ವಿಚಾರದಲ್ಲಿ ನಮ್ಮ ಜಿಲ್ಲೆ ಹಿಂದುಳಿದದ್ದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಬಂತು. ಕರ್ನಾಟಕದಿಂದ ಅದಕ್ಕೆ ಆಯ್ಕೆಯಾದವು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳು. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ದೇಶದಲ್ಲಿ ಬಣ್ಣದ ಪ್ರಸಾರ ಶುರುವಾದದ್ದು ಏಷ್ಯನ್ ಕ್ರೀಡಾಕೂಟದ ವರ್ಷ, 1982ರಲ್ಲಿ. ಅಲ್ಲಿಂದ ಹತ್ತು ವರ್ಷ ಕಳೆಯುವುದರೊಳಗೆ ತಾಲ್ಲೂಕು ಕೇಂದ್ರಗಳ ಮನೆಗಳಲ್ಲೂ ಟಿ.ವಿ. ಸೆಟ್ಟುಗಳು ಕಂಡವು, ಅವುಗಳ ಬೆನ್ನಿಗೆ ವಿಡಿಯೊ ಗೇಮ್ ಬಂತು.

ಆಗ ವಿದೇಶಿ ಎಲೆಕ್ಟ್ರಾನಿಕ್ ವಸ್ತುಗಳ ಆಮದಿಗೆ ಕಟ್ಟುನಿಟ್ಟಾದ ನಿರ್ಬಂಧಗಳಿದ್ದವು. ನಿಂಟೆಂಡೊದ ಪರವಾನಗಿ ಪಡೆದ ಯಂತ್ರ ಭಾರತದಲ್ಲಿ ‘ಸಮುರಾಯ್’ ಎಂಬ ಹೆಸರಿನಲ್ಲಿ, ಬಿಡಿಭಾಗಗಳನ್ನು ಇಲ್ಲಿಯೇ ಜೋಡಿಸಿ ಮಾರಾಟವಾಯಿತು. ನಿಂಟೆಂಡೊದ ಪ್ರತಿಸ್ಪರ್ಧಿಯಾದ ಸೆಗಾ ಕಂಪನಿಯ ‘ಮೆಗಾ ಡ್ರೈವ್’ ಯಂತ್ರವನ್ನು 1995ರಲ್ಲಿ ಶಾ ವಾಲೇಸ್ ಸಂಸ್ಥೆ ಇಲ್ಲಿ ಹಂಚತೊಡಗಿತು; ಶೇಕಡಾ 80ರ ಆಮದು ಸುಂಕವನ್ನು ತಪ್ಪಿಸಿಕೊಳ್ಳುವುದು ಈ ಒಪ್ಪಂದದ ಉದ್ದೇಶ. ಆದರೂ ಅದರ ಬೆಲೆ ಸುಮಾರು 18,000 ರೂಪಾಯಿ. ಸಾಮಾನ್ಯ ಸಂಬಳದಾರರ ಮನೆಗೆ ಇದು ಎಟುಕುವ ಮಾತಾಗಿರಲಿಲ್ಲ.

ಎಟುಕಿದ್ದು ‘ಮೀಡಿಯಾ’, ‘ಲಿಟಲ್ ಮಾಸ್ಟರ್’ ಮುಂತಾದ ಹೆಸರಿನ ಫ್ಯಾಮಿಕಾಮ್ ನಕಲುಗಳು. ನಮ್ಮವರು ‘ಟಿ.ವಿ. ಗೇಮ್’ ಎಂದರೂ, ‘ವಿಡಿಯೊ ಗೇಮ್’ ಎಂದರೂ ಕಣ್ಣಮುಂದೆ ಬರುತ್ತಿದ್ದುದು ಇವೇ. ಇಂಥ ನಕಲುಗಳಿಗೆ ಬೇಕಾದ ಚಿಪ್ಪುಗಳನ್ನು ಮುಖ್ಯವಾಗಿ ತೈವಾನಿನಲ್ಲಿ ತಯಾರಿಸುತ್ತಿದ್ದರು. ಅಲ್ಲಿನ ಎಂಜಿನಿಯರುಗಳು ಒಂದು ಜಾಣತನ ಮಾಡಿದ್ದರು. ಪಾಲ್ ದೇಶಗಳಿಗಾಗಿ ಮಾಡಿದ ನಕಲಿನಲ್ಲಿ ಚಿತ್ರದ ಮಿಡಿತವನ್ನು 50ಕ್ಕೆ ಇಳಿಸಿದರೂ ಮುಖ್ಯ ಚಿಪ್ಪಿನ ಗಡಿಯಾರವನ್ನು 17.7 ಲಕ್ಷದಲ್ಲಿ ಉಳಿಸಿಕೊಂಡರು. ಅಲ್ಲಿ 440ರ ಸ್ವರ 436ರಷ್ಟಾಗುತ್ತದೆ. ಲಯ ನಿಧಾನ, ಶ್ರುತಿ ಬಹುತೇಕ ಮೂಲದ್ದೇ. ಅಂದರೆ ನಕಲಿ ಯಂತ್ರ ಜಪಾನಿನ ಅಸಲಿಗೂ ಸಮವಲ್ಲ, ಯುರೋಪಿನ ಅಸಲಿಗೂ ಸಮವಲ್ಲ. ಅದು ಮೂರನೆಯದೇ ಒಂದು ರೂಪ. ‘9999999 ಇನ್ 1’ ಎಂಬ ಚೀಟಿಯ ಕ್ಯಾಸೆಟ್ಟುಗಳನ್ನು ನೆನೆಸಿಕೊಂಡರೆ ನಿಮ್ಮ ಮನೆಯ ಹಿರಿಯರು ಇಂದಿಗೂ ನಗುತ್ತಾರೆ. ಒಳಗಿರುತ್ತಿದ್ದುದು ಕೆಲವೇ ಆಟಗಳು. ಅವನ್ನೇ ಬೇರೆ ಬೇರೆ ಹಂತದಿಂದ ಆರಂಭಿಸಿ ಪಟ್ಟಿಯನ್ನು ಉದ್ದ ಮಾಡಿರುತ್ತಿದ್ದರು.

ಪಾಠಾಂತರ ನೋಡುವ ಲಾಭ

ಇಷ್ಟಾದರೂ ‘ಯಾವುದೋ ಒಂದು ರೂಪ ಇಟ್ಟುಕೊಂಡರೆ ಸಾಲದೆ?’ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಮಸ್ಕಿಯಲ್ಲಿದೆ. ಅಶೋಕನ ಒಂದೇ ಕಿರು ಶಾಸನದ ಪ್ರತಿಗಳು ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮೊದಲಾದ ಹಲವು ಕಡೆ ಇವೆ. ಆದರೆ ‘ದೇವಾನಾಂಪ್ರಿಯ’ನೆಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರು ಮೊದಲು ಓದಲು ಸಿಕ್ಕಿದ್ದು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಪ್ರತಿಯಲ್ಲಿ. ‘ಉಳಿದ ಪ್ರತಿಗಳಿವೆಯಲ್ಲ’ ಎಂದು ಆ ಬಂಡೆಯನ್ನು ಒಡೆದು ಜಲ್ಲಿ ಮಾಡಿದ್ದರೆ ಎಂಥ ನಷ್ಟವಾಗುತ್ತಿತ್ತು!

ಆಟಗಳಲ್ಲೂ ಹೀಗೆಯೇ. ‘ಜೆಲ್ಡಾ’ ಎಂಬ ಆಟದ ಅಮೆರಿಕದ ಕೈಪಿಡಿಯಲ್ಲಿ ದೊಡ್ಡ ಕಿವಿಯ ಒಂದು ರಾಕ್ಷಸನಿಗೆ ಗಟ್ಟಿ ಸದ್ದು ಆಗದು ಎಂದಿದೆ. ಅಲ್ಲಿನ ಹುಡುಗರು ಆಟದೊಳಗಿನ ಕೊಳಲನ್ನು ಎಷ್ಟು ಊದಿದರೂ ಅವನು ಜಗ್ಗಲಿಲ್ಲ. ಜಪಾನಿನ ಪೆಟ್ಟಿಗೆಯನ್ನು ನೋಡಿದರೆ ಒಗಟು ಬಿಡುತ್ತದೆ: ಅದರ ಎರಡನೆಯ ಕೈಗುಂಡಿಯಲ್ಲಿ ಪುಟ್ಟ ಮೈಕ್ ಇತ್ತು. ಅದರಲ್ಲಿ ಕೂಗಿದರೆ ರಾಕ್ಷಸ ಸಾಯುತ್ತಿದ್ದ. ಅಮೆರಿಕದ ಯಂತ್ರದಲ್ಲಿ ಮೈಕ್ ತೆಗೆದರು, ಕೈಪಿಡಿಯಲ್ಲಿ ಮಾತು ಉಳಿಯಿತು.

ನಮ್ಮಲ್ಲಿ ಬಹಳ ಜನ ಆಡಿದ ‘ಕಾಂಟ್ರಾ’ ಆಟದ ಜಪಾನಿ ಪ್ರತಿಯಲ್ಲಿ ಬೀಸುವ ಹಿಮ, ಹಂತಗಳ ನಡುವೆ ನಕ್ಷೆ, ಕಥೆ ಹೇಳುವ ಚಿತ್ರಗಳು ಇವೆ. ಅಮೆರಿಕದ ಪ್ರತಿಯಲ್ಲಿ ಇವಿಲ್ಲ. ಯುರೋಪಿನಲ್ಲಿ ಹೆಸರೇ ‘ಪ್ರೊಬೊಟೆಕ್ಟರ್’. ಅಲ್ಲಿ ಸೈನಿಕರ ಬದಲು ರೋಬಾಟ್‌ಗಳು ಗುಂಡು ಹಾರಿಸುತ್ತವೆ. ಹೀಗೆ ತಂತ್ರಜ್ಞಾನ, ವ್ಯಾಪಾರ, ಕಾನೂನು ಎಲ್ಲವೂ ಒಂದು ಆಟಿಕೆಯ ಮೇಲೆ ತಮ್ಮ ಗುರುತು ಬಿಟ್ಟುಹೋಗಿವೆ. ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟಾಗಲೇ ಅದು ಕಾಣುವುದು.

ಗುಜರಿಗೆ ಹೋಗುವ ಮುನ್ನ

ಜಪಾನ್, ಅಮೆರಿಕಗಳ ಯಂತ್ರಗಳನ್ನು ಅಲ್ಲಿನವರು ಜೋಪಾನ ಮಾಡಿದ್ದಾರೆ. ಅಪಾಯದಲ್ಲಿರುವುದು ನಮ್ಮ ರೂಪ. ನಕಲಿ ಎಂಬ ಕಾರಣಕ್ಕೆ ಅದನ್ನು ಯಾರೂ ಕಾಪಾಡಲಿಲ್ಲ. ಡಬ್ಬಿ, ಕೈಪಿಡಿ, ರಸೀದಿ ಉಳಿದದ್ದು ಕಡಿಮೆ. ಒಳಗಿನ ಚಿಪ್ಪಿಗೆ ಕಪ್ಪು ಅಂಟಿನ ಮುದ್ದೆ ಬಳಿದಿರುವುದರಿಂದ ಕೆಟ್ಟರೆ ಬದಲಿಸುವುದೂ ಕಷ್ಟ. ಜೊತೆಗೆ ಹಳೆಯ ಗಾಜುಕೊಳವೆಯ ಟಿ.ವಿ.ಗಳೂ ಕಣ್ಮರೆಯಾಗುತ್ತಿವೆ. ಎಲ್ಲವೂ ಕಿಲೋ ಲೆಕ್ಕದಲ್ಲಿ ಗುಜರಿ ಸೇರುತ್ತಿವೆ.

ಸಂಗ್ರಹಕ್ಕೆ ಹಣವೇ ಬೇಕೆಂದಿಲ್ಲ. ಮಸರಕಲ್ಲಿನಲ್ಲೋ ಮಾನ್ವಿಯಲ್ಲೋ ಯಾರದಾದರೂ ಅಟ್ಟದ ಮೇಲೆ ಇಂಥದೊಂದು ಪೆಟ್ಟಿಗೆ ಕಂಡರೆ ಒಂದು ನೋಟ್‌ಬುಕ್ಕಿನಲ್ಲಿ ಇಷ್ಟನ್ನು ಬರೆದಿಡಿ: ಮೇಲಿನ ಹೆಸರು, ಕ್ಯಾಸೆಟ್ಟಿನ ಪಿನ್‌ಗಳ ಸಂಖ್ಯೆ, ಅಡಾಪ್ಟರಿನ ಮೇಲಿನ ಅಕ್ಷರಗಳು, ಆಟಗಳ ಪಟ್ಟಿ, ಯಾವ ವರ್ಷ, ಯಾವ ಊರಿನಲ್ಲಿ, ಎಷ್ಟು ರೂಪಾಯಿಗೆ, ಯಾರಿಗಾಗಿ ಕೊಂಡದ್ದು. ಕೊನೆಯ ಮಾಹಿತಿ ಯಾವ ಚಿಪ್ಪಿನಲ್ಲೂ ಇಲ್ಲ. ಅದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ಮೊಬೈಲಿನಲ್ಲಿ ನಾಲ್ಕೂ ಕಡೆಯ ಫೋಟೊ ತೆಗೆಯಿರಿ.

ಎರಡು ಎಚ್ಚರಿಕೆಗಳು. ವಿದೇಶದ ಯಂತ್ರ ಸಿಕ್ಕರೆ ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಜಪಾನಿನ ಅಡಾಪ್ಟರ್ 100 ವೋಲ್ಟಿಗೆ, ಅಮೆರಿಕದ್ದು 120ಕ್ಕೆ ಮಾಡಿದ್ದು. ನಮ್ಮ 230ಕ್ಕೆ ಸುಟ್ಟುಹೋಗುತ್ತವೆ. ಅಮೆರಿಕದ ಅಡಾಪ್ಟರ್ ಕೊಡುವುದು 9 ವೋಲ್ಟಿನ ಪರ್ಯಾಯ ವಿದ್ಯುತ್ತು, ಫ್ಯಾಮಿಕಾಮ್ ಬೇಡುವುದು 10 ವೋಲ್ಟಿನ ನೇರ ವಿದ್ಯುತ್ತು. ಅದಲುಬದಲು ಮಾಡಿದರೆ ಯಂತ್ರ ಕೆಡುತ್ತದೆ. ಇನ್ನು ಹಳೆಯ ಟಿ.ವಿ.ಯ ಹಿಂಬದಿಯನ್ನು ಎಂದಿಗೂ ಬಿಚ್ಚಬೇಡಿ. ಸ್ವಿಚ್ ಆರಿಸಿದ ಮೇಲೂ ಅದರ ಕೊಳವೆಯಲ್ಲಿ ಸಾವಿರಾರು ವೋಲ್ಟು ಉಳಿದಿರಬಹುದು.

ಕೊನೆಗೊಂದು ಪ್ರಯೋಗ. ಯಂತ್ರ ಇನ್ನೂ ನಡೆಯುತ್ತಿದ್ದರೆ ‘ಸೂಪರ್ ಮಾರಿಯೊ ಬ್ರದರ್ಸ್’ ಹಾಕಿ, ಮಾರಿಯೊನನ್ನು ಹೊರಟ ಜಾಗದಲ್ಲೇ ನಿಲ್ಲಿಸಿ. ಮೇಲೆ ಮೂಲೆಯಲ್ಲಿ ಸಮಯದ ಅಂಕಿ 400ರಿಂದ ಇಳಿಯುತ್ತಿರುತ್ತದೆ. ಜಪಾನಿ ಪ್ರತಿಯಲ್ಲಿ ಪ್ರತಿ 24 ಚಿತ್ರಗಳಿಗೆ ಒಂದು ಅಂಕಿ ಕಡಿಮೆಯಾಗುತ್ತದೆ. 390ರಿಂದ 290ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ಅಳೆಯಿರಿ. 60ರ ಯಂತ್ರದಲ್ಲಿ 40 ಸೆಕೆಂಡು. 50ಕ್ಕೆ ಇಳಿಸಿದ ನಕಲಿ ಯಂತ್ರದಲ್ಲಿ 48. ನಿಮ್ಮ ಗಡಿಯಾರ ಯಾವುದನ್ನು ತೋರಿಸಿತು ಎಂಬುದನ್ನೂ ಅದೇ ನೋಟ್‌ಬುಕ್ಕಿನಲ್ಲಿ, ದಿನಾಂಕ ಹಾಕಿ ಬರೆದಿಡಿ.