ಚೀಟಿಯೊಳಗೊಂದು ಚೀಟಿ, ಅದರೊಳಗೆ ಬೆಂಗಳೂರು

ಅಂಚೆಚೀಟಿಯೊಳಗೆ ಇನ್ನೊಂದು ಅಂಚೆಚೀಟಿ! ಮುಖಬೆಲೆ ಒಂದು ರೂಪಾಯಿ. ಹೊರಬಂದದ್ದು 1977ರ ಅಕ್ಟೋಬರ್ 19ರಂದು. ಅದರ ಮೇಲೆ ಅಚ್ಚಾಗಿರುವುದು 1852ರ ಕೆಂಪು ಸಿಂಧ್ ಡಾಕ್, ಇಡೀ ಏಷ್ಯಾ ಖಂಡ ಕಂಡ ಮೊಟ್ಟಮೊದಲ ಅಂಟಿಸುವ ಚೀಟಿ. ಯಾವ ಸಂದರ್ಭಕ್ಕೆ ಅಂತೀರಿ? ಏಷಿಯಾನಾ 77, ಏಷ್ಯಾ ದೇಶಗಳ ಮಟ್ಟದ ಮೊದಲ ಅಂತರರಾಷ್ಟ್ರೀಯ ಅಂಚೆಚೀಟಿ ಪ್ರದರ್ಶನಕ್ಕೆ. ಆ ಮೊದಲ ಪ್ರದರ್ಶನ ನಡೆದ ಊರು ಯಾವುದು ಬಲ್ಲಿರಾ? ನಮ್ಮ ಬೆಂಗಳೂರು!

ಏಷ್ಯಾದ ಮೊದಲ ಪ್ರದರ್ಶನಕ್ಕೆ ಏಷ್ಯಾದ ಮೊದಲ ಚೀಟಿ. ಇದನ್ನು ಹೊಂದಿಸಿದವರ ತಲೆ ಎಂಥದ್ದಿರಬೇಕು! ತಿಲಕ್ ನಗರದ ನನ್ನ ಕೋಣೆಯಲ್ಲಿ, ಹೊರಗೆ ಸಂಜೆಯ ಮಾರುಕಟ್ಟೆ ಗದ್ದಲ ಏರುತ್ತಿರುವಾಗ, ಭೂತಕನ್ನಡಿ ಹಿಡಿದು ಇದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬೆರಳಗಲದ ಕಾಗದ. ಅದರೊಳಗೆ ಸಿಂಧ್, ಬೆಂಗಳೂರು ಎರಡೂ ಸೇರಿಕೊಂಡಿವೆ.

ಮೊದಲು ಆ ಕೆಂಪು ಸಿಂಧ್ ಡಾಕ್‌ನ ಕಥೆ ಹೇಳಿಬಿಡುತ್ತೇನೆ, ಹೇಳದೆ ಇರಲಾಗದು. ಸಿಂಧ್ ಪ್ರಾಂತದ ಕಮಿಷನರ್ ಆಗಿದ್ದವನು ಬಾರ್ಟಲ್ ಫ್ರಿಯರ್. ಇಂಗ್ಲೆಂಡಿನಲ್ಲಿ 1840ರಲ್ಲಿ ಪೆನ್ನಿ ಬ್ಲ್ಯಾಕ್ ಬಂದು ಹನ್ನೆರಡು ವರ್ಷವಾಗಿತ್ತು, ಭಾರತದಲ್ಲಿ ಮಾತ್ರ ಅಂಥದ್ದೊಂದೂ ಇರಲಿಲ್ಲ. ಫ್ರಿಯರ್ ಕಾಯಲಿಲ್ಲ. 1852ರ ಜುಲೈ 1ರಂದು ತನ್ನ ಪ್ರಾಂತಕ್ಕೆಂದೇ ಅರ್ಧಾಣೆಯ ಚೀಟಿ ತಂದೇಬಿಟ್ಟ. ಗುಂಡಗಿನ ಚೀಟಿ! ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರಿ ಗುರುತು ನಡುವೆ, ಸುತ್ತಲೂ ಅಕ್ಷರಗಳು. ಮಸಿಯಿಂದ ಅಚ್ಚು ಹಾಕಿದ್ದಲ್ಲ, ಅರಗಿನಂಥ ಕೆಂಪು ಬಿಲ್ಲೆಯ ಮೇಲೆ ಒತ್ತಿ ಉಬ್ಬಿಸಿದ್ದು. ಚಂದವೇನೋ ಚಂದ, ಆದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಒಂಟೆಯ ಮೇಲೆ, ಓಟಗಾರನ ಚೀಲದೊಳಗೆ ಸಾಗುವ ಪತ್ರದ ಮೇಲೆ ಅಂಥದ್ದು ಎಷ್ಟು ದಿನ ಉಳಿದೀತು? ಬಿಳಿ ಕಾಗದದ ಮೇಲೆ ಬರೀ ಉಬ್ಬಚ್ಚಿನದೊಂದು, ನೀಲಿಯದೊಂದು ಅದರ ಬೆನ್ನಿಗೇ ಬಂದವು. 1854ರ ಅಕ್ಟೋಬರ್‌ನಲ್ಲಿ ಇಡೀ ಭಾರತಕ್ಕೆ ಒಂದೇ ಬಗೆಯ ಚೀಟಿಗಳು ಬಂದಾಗ ಸಿಂಧ್ ಡಾಕ್‌ನ ಆಯುಸ್ಸು ಮುಗಿಯಿತು. ಮುರಿಯದೆ ಉಳಿದ ಕೆಂಪು ಬಿಲ್ಲೆ ಈಗ ಸಿಗುವುದು ಅಪರೂಪದಲ್ಲಿ ಅಪರೂಪ. ಅದನ್ನು ನೂರಿಪ್ಪತ್ತೈದು ವರ್ಷದ ಮೇಲೆ ನಮ್ಮ ಊರಿನ ಹೆಸರಲ್ಲಿ, ಮುರಿಯದ ಕಾಗದದ ಮೇಲೆ ಮತ್ತೆ ಮೂಡಿಸಿದರು.

ಏಷಿಯಾನಾಕ್ಕಾಗಿ ಬಂದ ಇನ್ನೊಂದು ಚೀಟಿ ಮೂರು ರೂಪಾಯಿಯದು. ಅದರಲ್ಲಿ 1927ರ ಮುಂಬಯಿಯ ಬಲ್ಲಾರ್ಡ್ ಪಿಯರ್, ಹಡಗಿನಿಂದ ವಿದೇಶಿ ಟಪಾಲು ಇಳಿಯುತ್ತಿರುವ ನೋಟ. ವಿಮಾನ ಅಂಚೆ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ವಾರಗಟ್ಟಲೆ ಸಮುದ್ರದ ಮೇಲಿದ್ದ ಪತ್ರಗಳು ದಡ ಮುಟ್ಟಿ, ರೈಲು ಹತ್ತಿ, ಒಳನಾಡಿನ ಊರೂರಿಗೆ ಹೋಗುತ್ತಿದ್ದವು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟು ಕುಣಿಯುತ್ತಿರಲಿಲ್ಲ. ಅದಕ್ಕೂ ವಾರ ಮೊದಲು, ಅಕ್ಟೋಬರ್ 12ರಂದು, ಇದೇ ಬೆಂಗಳೂರಿನ ರಾಷ್ಟ್ರೀಯ ಪ್ರದರ್ಶನ ಇನ್‌ಪೆಕ್ಸ್ 77ಕ್ಕೂ ಚೀಟಿಗಳು ಬಂದವು. ಅವುಗಳಲ್ಲಿ ಎರಡು ರೂಪಾಯಿಯದನ್ನು ನೋಡಿ ನಾನು ಬೆರಗಾಗಿ ಕೂತೆ. ಅದರ ಮೇಲಿರುವುದು ಎಂದೂ ಬಿಡುಗಡೆಯಾಗದ ಚೀಟಿ! ಸಿಂಹ, ಹಿಂದೆ ತಾಳೆಮರ. 1853ರಲ್ಲಿ ಕಲ್ಕತ್ತಾ ಟಂಕಶಾಲೆಯ ಕರ್ನಲ್ ಫೋರ್ಬ್ಸ್ ಮಾಡಿದ ಮಾದರಿ. ಇಡೀ ದೇಶಕ್ಕೆ ಬೇಕಾದಷ್ಟು ಚೀಟಿ ಅಲ್ಲಿನ ಯಂತ್ರಗಳಿಂದ ಹೊರಡಿಸಲು ಆಗಲೇ ಇಲ್ಲ. ಕೆಲಸ ಸರ್ವೇಯರ್ ಜನರಲ್ ಕಚೇರಿಯ ಕ್ಯಾಪ್ಟನ್ ತುಲಿಯರ್ ಕೈಗೆ ಹೋಯಿತು. ನಕ್ಷೆ ಅಚ್ಚು ಹಾಕುವ ಕಲ್ಲಚ್ಚಿನಲ್ಲೇ ಆತ ವಿಕ್ಟೋರಿಯಾ ರಾಣಿಯ ತಲೆ ಮೂಡಿಸಿದ. ಅರ್ಧಾಣೆಯದನ್ನು ಮೊದಲು ಸಿಂಧೂರಗೆಂಪಿನಲ್ಲಿ ಹೊಡೆದರು, ವಿಲಾಯತಿಯ ಕೆಂಪು ಬಣ್ಣ ಮುಗಿದುಹೋಯಿತು, ನೀಲಿಗೆ ಹೊರಳಿದರು. ನಾಲ್ಕಾಣೆಯದಕ್ಕೆ ಎರಡು ಬಣ್ಣ, ಆದ್ದರಿಂದ ಎರಡು ಸಲ ಅಚ್ಚು. ಕೆಂಪು ಚೌಕಟ್ಟಿಗೂ ನೀಲಿ ತಲೆಗೂ ತಾಳ ತಪ್ಪಿ ಕೆಲವು ಹಾಳೆಗಳಲ್ಲಿ ರಾಣಿ ತಲೆಕೆಳಗಾದಳು. ಆ ತಪ್ಪು ಚೀಟಿಗಳ ಹಿಂದೆ ಜಗತ್ತಿನ ಸಂಗ್ರಾಹಕರೆಲ್ಲ ಬಿದ್ದಿದ್ದಾರೆ. ಇತ್ತ ಕೆಲಸಕ್ಕೆ ಬಾರದೆ ಮೂಲೆಗುಂಪಾದ ಸಿಂಹ-ತಾಳೆಮರದ ಮಾದರಿಗೆ ನಿಜವಾದ ಚೀಟಿಯ ಮೇಲೆ ಕಾಣಿಸಿಕೊಳ್ಳುವ ಭಾಗ್ಯ ಒದಗಿದ್ದು 124 ವರ್ಷದ ಮೇಲೆ, ಬೆಂಗಳೂರಿನ ನೆಪದಲ್ಲಿ!

ಆ ಅಕ್ಟೋಬರ್ ಇನ್ನೂ ಮುಗಿದಿಲ್ಲ. 23ರಂದು ಕಿತ್ತೂರು ರಾಣಿ ಚೆನ್ನಮ್ಮನ ಚೀಟಿ ಬಂತು, 25 ಪೈಸೆಯದು, ಅಂದರೆ ಆಗ ಸಾಮಾನ್ಯ ಪತ್ರಕ್ಕೆ ಬೇಕಾದಷ್ಟು. ಪ್ರದರ್ಶನಕ್ಕೂ ಅದಕ್ಕೂ ಸಂಬಂಧವಿಲ್ಲ. ದಿನ ಮಾತ್ರ ಎಣಿಸಿ ಇಟ್ಟದ್ದೇ ಸರಿ: ಕಿತ್ತೂರಿನ ಕೋಟೆಯ ಮುಂದೆ ಚೆನ್ನಮ್ಮನ ಪಡೆಯೆದುರು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತು ಬಿದ್ದದ್ದು 1824ರ ಅಕ್ಟೋಬರ್ 23ರಂದು. ಹನ್ನೆರಡು ದಿನದೊಳಗೆ ಎರಡು ಪ್ರದರ್ಶನದ ಚೀಟಿಗಳು, ಮೇಲೊಬ್ಬಳು ಚೆನ್ನಮ್ಮ. ಕನ್ನಡದ ಯಾವ ಸಂಗ್ರಾಹಕನಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕು?

ಬೆಂಗಳೂರಿಗೆ ಈ ಮಾನ ಸುಮ್ಮನೆ ಒಲಿಯಿತೆಂದು ನನಗನಿಸುವುದಿಲ್ಲ. ಫ್ರಿಯರ್ ಸಿಂಧ್‌ನಲ್ಲಿ ಕೆಂಪು ಬಿಲ್ಲೆ ತರುವ ಹೊತ್ತಿಗೆ ನಮ್ಮ ಮೈಸೂರು ಅಂಚೆಗೆ ನೂರೆಂಬತ್ತು ವರ್ಷ ತುಂಬಿತ್ತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಕಟ್ಟಿದ ಆ ವ್ಯವಸ್ಥೆ ಕಾಗದವನ್ನೂ ಒಯ್ಯುತ್ತಿತ್ತು, ಅರಮನೆಗೆ ಗುಟ್ಟಿನ ಸುದ್ದಿಯನ್ನೂ ತರುತ್ತಿತ್ತು. ಬ್ರಿಟಿಷ್ ಭಾರತದ ಅಂಚೆಯಲ್ಲಿ ಅದು ಸೇರಿಹೋದದ್ದು 1889ರಲ್ಲಿ. ಇಂಥ ನಾಡಿನ ಊರಿಗೆ ಏಷ್ಯಾದ ಸಂಗ್ರಾಹಕರು ಬಂದರೆಂದರೆ ಬೀಗರ ಮನೆಗೇ ಬಂದಂತಾಯಿತು.

ಪ್ರದರ್ಶನ ಎಂದರೆ ಸುಮ್ಮನೆ ಆಲ್ಬಂ ಬಿಚ್ಚಿ ತೋರಿಸುವುದಲ್ಲ. ಗಾಜು ಹಾಕಿದ ಫ್ರೇಮುಗಳು, ಒಂದೊಂದರಲ್ಲಿ ಹದಿನಾರು ಹಾಳೆ. ಪ್ರತಿ ಹಾಳೆಯೂ ಒಂದು ವಾದ. ಈ ಚೀಟಿ ಯಾವ ಹಲಗೆಯಿಂದ ಅಚ್ಚಾಯಿತು, ಈ ಮುದ್ರೆ ಯಾವ ಊರಿನದು, ಈ ಪತ್ರ ಯಾವ ದಾರಿ ಹಿಡಿದು ಬಂತು ಎಂದು ಸಂಗ್ರಾಹಕ ಸಾಧಿಸಬೇಕು. ತೀರ್ಪುಗಾರರು ಅಪರೂಪಕ್ಕೂ ಅಂಕ ಕೊಡುತ್ತಾರೆ, ಅಧ್ಯಯನಕ್ಕೂ ಕೊಡುತ್ತಾರೆ. ಹಣವಿದ್ದವನು ಚೀಟಿ ಕೊಂಡಾನು, ಪದಕಕ್ಕೆ ಓದಿರಬೇಕು. ಹಾಗಾಗಿಯೇ ಇಂಥ ಪ್ರದರ್ಶನಗಳಿಗೆ ಹೊರಡಿಸುವ ಚೀಟಿಗಳ ಮೇಲೆ ಅಂಚೆಯ ಚರಿತ್ರೆಯೇ ಚಿತ್ರವಾಗುವುದು.

ಈಗ ನನ್ನ ಅತಿ ಪ್ರೀತಿಯ ಜೋಡಿಗೆ ಬರುತ್ತೇನೆ.

1989ರ ಜನವರಿಯಲ್ಲಿ ದೆಹಲಿಯಲ್ಲಿ ಇಂಡಿಯಾ 89 ವಿಶ್ವ ಪ್ರದರ್ಶನ. ಅದರ ಮುನ್ನೋಟವಾಗಿ ಕಂತುಕಂತಾಗಿ ಚೀಟಿಗಳು ಬಂದವು. 1988ರ ಅಕ್ಟೋಬರ್ 9ರ ಕಂತಿನಲ್ಲಿ ಎರಡು, ಎರಡರ ಮೇಲೂ ಪ್ರಧಾನ ಅಂಚೆ ಕಚೇರಿಗಳು. ಅಕ್ಟೋಬರ್ 9 ವಿಶ್ವ ಅಂಚೆ ದಿನ, 1874ರಲ್ಲಿ ಬರ್ನ್ ನಗರದಲ್ಲಿ ಜಾಗತಿಕ ಅಂಚೆ ಒಕ್ಕೂಟ ಹುಟ್ಟಿದ ದಿನ. ನಾಲ್ಕು ರೂಪಾಯಿಯ ಚೀಟಿಯ ಮೇಲೆ ಬೆಂಗಳೂರು ಜಿಪಿಒ! ವಿಧಾನಸೌಧದ ಹತ್ತಿರ, ರಾಜಭವನ ರಸ್ತೆಯ ಅದೇ ಕಟ್ಟಡ, ನಾವು ನೀವು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗುವ ಕಟ್ಟಡ.

ಇನ್ನೊಂದು ಐದು ರೂಪಾಯಿಯದು, ಮುಂಬಯಿ ಜಿಪಿಒ. ಬಹಳ ದಿನ ಅದನ್ನು ‘ಪರವೂರಿನದು’ ಎಂದು ಪಕ್ಕಕ್ಕಿಟ್ಟಿದ್ದೆ. ಒಂದು ದಿನ ಆ ಗುಮ್ಮಟದ ಮೇಲೆ ಭೂತಕನ್ನಡಿ ನಿಂತಿತು. ಎಲ್ಲೋ ನೋಡಿದ್ದೇನಲ್ಲ? ಹುಡುಕಿ ಓದಿದೆ. ವಾಸ್ತುಶಿಲ್ಪಿ ಜಾನ್ ಬೆಗ್, ಕಟ್ಟಿ ಮುಗಿದದ್ದು 1913ರಲ್ಲಿ. ಆತ ಮೇಲ್ಪಂಕ್ತಿಯಾಗಿ ಇಟ್ಟುಕೊಂಡದ್ದು ಯಾವುದನ್ನು ಗೊತ್ತೆ? ನಮ್ಮ ವಿಜಯಪುರದ ಗೋಳಗುಮ್ಮಟವನ್ನು! ಮೊಹಮ್ಮದ್ ಆದಿಲ್ ಶಾಹನ ಗೋರಿಯ ಮೇಲಿನ, ಪಿಸುಮಾತನ್ನೂ ಮತ್ತೆ ಮತ್ತೆ ಮರಳಿಸುವ ಆ ಮಹಾ ಗುಮ್ಮಟ, ಮುಂಬಯಿಯ ಅಂಚೆಮನೆಯಾಗಿ ರೂಪಾಂತರಗೊಂಡು, ವಿಶ್ವ ಪ್ರದರ್ಶನದ ಚೀಟಿಯ ಮೇಲೇರಿ ಕೂತಿದೆ. ಜೋಡಿಯ ಒಂದು ಚೀಟಿಯಲ್ಲಿ ಬೆಂಗಳೂರು, ಇನ್ನೊಂದರಲ್ಲಿ ವೇಷ ಮರೆಸಿದ ವಿಜಯಪುರ. ಗೋಳಗುಮ್ಮಟ ತನ್ನ ಸ್ವಂತ ರೂಪದಲ್ಲೇ ಚೀಟಿಯೇರಿದ್ದೂ ಉಂಟು, 1949ರ ಆಗಸ್ಟ್ 15ರಂದು ಬಂದ ಸರಣಿಯಲ್ಲಿ, ಆರಾಣೆಯದರ ಮೇಲೆ. ಮೂರನ್ನೂ ಒಂದೇ ಪುಟದಲ್ಲಿ ಜೋಡಿಸಿಟ್ಟಿದ್ದೇನೆ. ಇಷ್ಟು ಸಂತೋಷ ಕೊಟ್ಟ ಪುಟ ನನ್ನ ಆಲ್ಬಂನಲ್ಲಿ ಇನ್ನೊಂದಿಲ್ಲ.

ಮುಂದಿನ ದಿನಗಳಲ್ಲಿ ಚೀಟಿಗಳು ಕಣ್ಣು ದಾಟಿ ಮೂಗಿಗೂ ಕೈಗೂ ಬಂದವು. 2006ರ ಡಿಸೆಂಬರ್‌ನಲ್ಲಿ ಶ್ರೀಗಂಧದ ಪರಿಮಳದ ಚೀಟಿ, 2011ರಲ್ಲಿ ದೆಹಲಿಯ ಇಂಡಿಪೆಕ್ಸ್ ಪ್ರದರ್ಶನದಲ್ಲಿ ಖಾದಿ ಬಟ್ಟೆಯ ಮೇಲೇ ಅಚ್ಚಾದ ಗಾಂಧೀಜಿ, 2017ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಕಾಫಿ ಘಮದ ಚೀಟಿ. ಗಂಧ, ಕಾಫಿ ಎರಡೂ ನಮ್ಮ ಮಣ್ಣಿನವೇ ಎಂಬ ಹೆಮ್ಮೆಯನ್ನು ನಾನು ಬಚ್ಚಿಡುವುದಿಲ್ಲ. ನಮ್ಮ ಬಡಾವಣೆಯ ಹೆಸರಿನ ತಿಲಕರಿಗೂ ಒಂದು ಚೀಟಿಯಿದೆ: 1956ರ ಜುಲೈ 23, ಅವರ ಜನ್ಮಶತಾಬ್ದಿಯಂದು, ಎರಡಾಣೆಯದು. ತಿಲಕ್ ನಗರದ ಪ್ರತಿ ಮನೆಯಲ್ಲೂ ಒಂದೊಂದಿರಬೇಕು ಎಂಬುದು ನನ್ನ ಆಸೆ.

ಚೀಟಿಯೇರಿದ ಆ ಜಿಪಿಒ ಕಟ್ಟಡದಲ್ಲೇ ಫಿಲಾಟೆಲಿ ಬ್ಯೂರೋ ಇದೆ. ಇನ್ನೂರು ರೂಪಾಯಿ ಕಟ್ಟಿ ಠೇವಣಿ ಖಾತೆ ತೆರೆದರೆ ಹೊಸ ಚೀಟಿಗಳು ಮನೆಬಾಗಿಲಿಗೇ ಬರುತ್ತವೆ. ಹಳೆಯವಕ್ಕೆ ಮಾತ್ರ ಅಟ್ಟ, ಪೆಟ್ಟಿಗೆ, ಅಜ್ಜನ ಕಾಗದದ ಕಟ್ಟುಗಳೇ ಗತಿ. ಜಯನಗರದಲ್ಲೋ ಬಸವನಗುಡಿಯಲ್ಲೋ ನಿಮ್ಮ ಹಿರಿಯರು 1977ರ ಅಕ್ಟೋಬರ್‌ನಲ್ಲಿ ಯಾರಿಗಾದರೂ ಪತ್ರ ಬರೆದಿದ್ದರೆ, ಬಂದ ಪತ್ರವನ್ನು ಕಾಪಿಟ್ಟಿದ್ದರೆ, ಇವತ್ತೇ ತೆಗೆದು ನೋಡಿ. ಏಷಿಯಾನಾದ ಚೀಟಿ ಕಂಡರೆ ದಯವಿಟ್ಟು ಕತ್ತರಿ ಹಾಕಬೇಡಿ, ನೀರಲ್ಲಿ ನೆನೆಸಿ ಬಿಡಿಸಲೂಬೇಡಿ. ಲಕೋಟೆ, ವಿಳಾಸ, ಮುದ್ರೆ, ತಾರೀಖು ಎಲ್ಲ ಒಟ್ಟಿಗಿದ್ದರೇನೇ ಆ ಪತ್ರ ಎಲ್ಲಿಂದ ಹೊರಟು ಎಲ್ಲಿಗೆ ಬಂತೆಂಬುದನ್ನು ಓದಲು ಸಾಧ್ಯ.