ಓಟದ ಹೋರಿಗರುವಿನ ಪರೀಕ್ಷೆ

ಗಾಡಿ ಓಟಕ್ಕೆಂದು ಎಳೆಯ ಹೋರಿಗರುವನ್ನು ಕೊಳ್ಳತಕ್ಕವರು ಬಹುಮಟ್ಟಿಗೆ ಮೈಮೇಲಿನ ಸುಳಿಯನ್ನೂ, ಹಿಂದಿನ ಜಾತ್ರೆಯಲ್ಲಿ ಗೆದ್ದಿತೆಂಬ ಮಾತನ್ನೂ ನೆಚ್ಚಿ ಹಣ ಸುರಿಯುವರು. ಇವೆರಡರಿಂದಲೂ ಕರುವಿನ ಮುಂದಿನ ಸ್ಥಿತಿಯು ತಿಳಿಯಲಾರದು. ಓಟದಲ್ಲಿ ಸೋತ ಎತ್ತು ನೇಗಿಲಿಗಾದರೂ ಬಂದೀತು; ಕಾಲು ಕೆಟ್ಟ ಎತ್ತು ಎರಡಕ್ಕೂ ಬಾರದೆ ಯಜಮಾನನಿಗೆ ಸಾಲವನ್ನು ಮಾತ್ರ ಉಳಿಸುವುದು.

ಮೊದಲು ಬಾಯಿ ಬಿಡಿಸಿ ನೋಡತಕ್ಕದ್ದು. ದನಗಳಿಗೆ ಮುಂದಿನ ಹಲ್ಲುಗಳು ಕೆಳದವಡೆಯಲ್ಲಿ ಮಾತ್ರ ಎಂಟು ಇರುತ್ತವೆ. ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲುಗಳು ಬರುತ್ತವೆ. ಬಾಯಿಗೂಡುವುದಕ್ಕೆ ನಾಲ್ಕೂವರೆ ಐದು ವರ್ಷಗಳು ಬೇಕು. ಹಾಲುಹಲ್ಲಿನ ಕರುವು ಗೆದ್ದಿತೆಂದರೆ ಅದು ಹೊಗಳಿಕೆಯಲ್ಲ, ಎಚ್ಚರಿಕೆ. ಬಲಿಯದ ಎಲುಬು ನರಗಳ ಮೇಲೆ ಭಾರ ಬಿದ್ದುದರ ಫಲವು ಗಿಣ್ಣಿನ ಬಾವಿನ ರೂಪದಲ್ಲಿ ತಡವಾಗಿ ಕಾಣಿಸುವುದುಂಟು. ಆದಕಾರಣ ನಾಲ್ಕೂ ಗಿಣ್ಣುಗಳನ್ನು ಕೈಯಿಂದ ಒತ್ತಿ ನೋಡಬೇಕು. ಬಿಸಿಯಾಗಲಿ ಊತವಾಗಲಿ ಇದ್ದರೆ ಬೆಲೆ ಎಷ್ಟೇ ಇಳಿದರೂ ಕೊಳ್ಳುವುದು ಯುಕ್ತವಲ್ಲ.

ಅನಂತರ ಗಟ್ಟಿನೆಲದ ಮೇಲೆ ನಡೆಸಿ ಹಿಂದಿನಿಂದ ನೋಡುವುದು. ಹಿಂಗಾಲಿನ ಹೆಜ್ಜೆಯು ಮುಂಗಾಲಿನ ಗುರುತನ್ನು ಮುಟ್ಟಬೇಕು, ದಾಟಿದರೆ ಇನ್ನೂ ಲೇಸು. ಹಿಂಗಾಲಿನ ಮಂಡಿಗಳು ಒಂದಕ್ಕೊಂದು ಉಜ್ಜಬಾರದು. ಗೊರಸು ಚಿಕ್ಕದಾಗಿ, ಕಪ್ಪಾಗಿ, ಗಟ್ಟಿಯಾಗಿರಬೇಕು. ಮುಂಗಾಲುಗಳ ನಡುವೆ ಎದೆ ಅಗಲವಾಗಿಯೂ ಪಕ್ಕೆಗಳು ಬಾಗಿಯೂ ಇರಬೇಕು. ಜಗಳೂರು ಮಳೆ ಕಡಿಮೆಯಾದ ಸೀಮೆಯಾದುದರಿಂದ ಬೇಸಗೆಯಲ್ಲಿ ಕರು ಬಡಕಲಾಗಿರುವುದು ದೋಷವಲ್ಲ. ಮೇವು ಮಾಂಸವನ್ನು ತಂದೀತು, ಸೊಟ್ಟಗಾಲನ್ನು ನೆಟ್ಟಗೆ ಮಾಡದು.

ಉಸಿರಿನ ಪರೀಕ್ಷೆಯನ್ನು ಮಾರುವವರು ಇಷ್ಟಪಡುವುದಿಲ್ಲ. ಕರುವನ್ನು ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಪಕ್ಕೆಯ ಏರಿಳಿತವು ಎಷ್ಟು ಬೇಗ ಶಾಂತವಾಗುವುದೆಂದು ನೋಡತಕ್ಕದ್ದು. ಬಾಯಿ ತೆರೆದು ಜೊಲ್ಲು ಸುರಿಸುತ್ತ ಬಹಳ ಹೊತ್ತು ಏದುವ ಕರುವಿನಲ್ಲಿ ದಮ್ಮಿಲ್ಲ. ಚುಚ್ಚುಗೋಲಿಲ್ಲದೆ ಓಡುವುದೋ ಎಂಬುದನ್ನೂ ಗಮನಿಸಬೇಕು. ಕರ್ಣಾಟಕದಲ್ಲಿ 2017ರ ತಿದ್ದುಪಡಿಯಿಂದ ಗಾಡಿ ಓಟಕ್ಕೆ ಅವಕಾಶವಾಗಿ, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದ್ದರೂ, ಹಿಂಸೆಗೆ ಅನುಮತಿಯಿಲ್ಲ.

ಬೆಂಗಳೂರಿನ ಪಂದ್ಯದ ಕುದುರೆಗಳನ್ನು ಕೊಳ್ಳುವವರು ಮರಿಗಿಂತ ಮುಂಚೆ ಅದರ ವಂಶಾವಳಿಯನ್ನು ಓದುವರು. ಹೋರಿಗರುವಿಗೆ ಅಂತಹ ಪುಸ್ತಕವಿಲ್ಲದಿದ್ದರೆ ಕೊಟ್ಟಿಗೆಗೆ ಹೋಗಿ ತಾಯಿಯನ್ನೂ ಅಣ್ಣತಮ್ಮ ಕರುಗಳನ್ನೂ ನೋಡಬಹುದು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ತಳಿಯಲ್ಲಿ ಹಳ್ಳಿಕಾರ್, ಹಾಗಲವಾಡಿಗಳೊಂದಿಗೆ ಚಿತ್ರದುರ್ಗದ ದನಗಳೂ ಸೇರಿವೆ. ಹೈದರಾಲಿಯು 1781ರಲ್ಲಿ ಎರಡೂವರೆ ದಿವಸಗಳಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ಸೇರಿದ್ದು ಈ ಎತ್ತುಗಳ ಬಲದಿಂದ ಎಂಬುದು ಪ್ರಸಿದ್ಧವಾದ ಹೇಳಿಕೆ. ಈ ತಳಿಯ ಗುಣವು ದಿನವಿಡೀ ನಡೆಯುವ ತಾಳಿಕೆಯೇ ಹೊರತು ಕ್ಷಣಮಾತ್ರದ ಜಿಗಿತವಲ್ಲ. ಅಜ್ಜಂಪುರದ ಅಮೃತಮಹಲ್ ಕೇಂದ್ರದ ಹೋರಿಗರುಗಳು ಬಹಿರಂಗ ಹರಾಜಿಗೆ ಬಂದಾಗ ಜಾತಿ ಖಚಿತವಾದ ಕರುವನ್ನು ಅಲ್ಲಿಯೇ ಆರಿಸಬಹುದು.

ಎರಡು ಹಲ್ಲಿನ ಕರುವನ್ನು ಕೊಂಡವರು ಖಾಲಿ ನೊಗಕ್ಕೆ ಹೂಡಿ ನಡಿಗೆ ಕಲಿಸಿ, ನಾಲ್ಕು ಹಲ್ಲು ಬರುವವರೆಗೆ ಓಟದ ಕಣಕ್ಕೆ ಇಳಿಸದಿರತಕ್ಕದ್ದು.